ಸತ್ಯಭಾಮೆಯ ಹಾಡು, ದೂತಿಯ ಮಾತು

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಮೀರವಾಡಿಯ ರಸ್ತೆಗಳಲ್ಲಿ ಸಂಗೀತಕ್ಕೆ ಬರವಿಲ್ಲ. ಮುಧೋಳ, ಮಹಾಲಿಂಗಪುರ, ಬನಹಟ್ಟಿ ಕಡೆಯಿಂದ ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುವ ಟ್ರ್ಯಾಕ್ಟರುಗಳು ಕಬ್ಬಿನ ಜತೆಗೆ ಸದ್ದನ್ನೂ ಹೇರಿಕೊಂಡು ಬರುತ್ತವೆ. ಡ್ರೈವರನ ಹಿಂದೆ ಕಟ್ಟಿದ ಸೌಂಡ್ ಬಾಕ್ಸಿನಿಂದ ಡಿಜೆ ಜಾನಪದ ಹೊರಟರೆ ಕಿಲೋಮೀಟರ್ ದೂರದ ಗದ್ದೆಯಲ್ಲಿ ನೀರು ಹಾಯಿಸುವವನ ಎದೆಯೂ ದಡದಡ ಅನ್ನುತ್ತದೆ. ಪೊಲೀಸರು ಆಗಾಗ ಬಾಕ್ಸು ಬಿಚ್ಚಿಸುತ್ತಾರೆ, ವಾರದೊಳಗೆ ಅವು ಮತ್ತೆ ಏರುತ್ತವೆ. ಹೋದ ಹಂಗಾಮಿನ ಹಾಡು ಈ ಹಂಗಾಮಿಗೆ ಇರುವುದಿಲ್ಲ. ಅಲ್ಲಿ ಹಳೆಯ ಹಾಡು ಬೇಕು ಎಂದು ಹಟ ಹಿಡಿಯುವವರೂ ಇಲ್ಲ.

ಈ ಗದ್ದಲದಲ್ಲೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೆಟಲ್ ಕೇಳುವ ಹುಡುಗರೂ ನಮ್ಮಲ್ಲಿದ್ದಾರೆ. ನನ್ನ ಅಣ್ಣನ ಮಗ ಅಂಥವನು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದವನು. ಊರಿಗೆ ಬಂದಾಗಲೆಲ್ಲ ಅವನದೊಂದು ದೂರು ಇದ್ದೇ ಇರುತ್ತದೆ.

“ಕಾಕಾ, ಕ್ರಿಪ್ಟೋಸ್ ಮೊದಲಿನಂಗ ಉಳಿದಿಲ್ಲ. ಏನ್ ಖಡಕ್ ಬಾರಸ್ತಿದ್ರು! ಈಗ ನಮ್ಮಪ್ಪನ ಕಾಲದ ಬ್ಯಾಂಡಿನಂಗ ಕೇಳಸ್ತದ.”

“ಸೌಂಡ್ ಬದಲ್ ಮಾಡ್ಕೋತ ಹೋಗೂದ ಬ್ಯಾಂಡಿನ ಧರ್ಮ ಅಂತ ಹಿಂದಕ ನೀನ ಹೇಳಿದ್ದೆಲ್ಲೋ ತಮ್ಮಾ?”

“ಅದು ರೇಡಿಯೊಹೆಡ್‌ಗೆ ಹೇಳಿದ್ದು.”

ನಗು ಬಂದರೂ ಅವನ ಗೊಂದಲ ಅವನೊಬ್ಬನದಲ್ಲ. ಕ್ರಿಪ್ಟೋಸ್ ಬೆಂಗಳೂರಿನ ತಂಡ, 1998ರಲ್ಲಿ ಹುಟ್ಟಿದ್ದು. 2004ರ ‘ಸ್ಪೈರಲ್ ಅಸೆಂಟ್’ನಿಂದ 2024ರ ‘ಡೆಸಿಮೇಟರ್’ವರೆಗೆ ಏಳು ಆಲ್ಬಮ್ ಮಾಡಿದೆ. 2013ರಲ್ಲಿ ಜರ್ಮನಿಯ ವಾಕನ್ ಎಂಬ ದೊಡ್ಡ ಮೆಟಲ್ ಜಾತ್ರೆಯಲ್ಲಿ ನುಡಿಸಿ ಬಂದಿದೆ. ಶುರುವಿನಲ್ಲಿ ಅವರದು ಥ್ರ್ಯಾಶ್ ಎನ್ನುವ ಧಾವಂತದ, ಹಲ್ಲು ಕಡಿಯುವ ಶೈಲಿ. 2016ರ ‘ಬರ್ನ್ ಅಪ್ ದ ನೈಟ್’ ಹೊತ್ತಿಗೆ ಎಂಬತ್ತರ ದಶಕದ ಹೆವಿ ಮೆಟಲ್ ಕಡೆಗೆ ಹೊರಳಿದರು. ಶುರುವಿನಲ್ಲಿ ಹಾಡುತ್ತಿದ್ದವರು ಬೇರೆ, ಈಗ ಗಿಟಾರ್ ಹಿಡಿದ ನೋಲನ್ ಲೂಯಿಸ್ ಅವರೇ ಹಾಡುತ್ತಾರೆ. ಅಂದರೆ ಈ ತಂಡ ಹೊಸದಾಗಲು ಹಿಂದಕ್ಕೆ ನಡೆಯಿತು. ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂದು ಉಪದೇಶ ಮಾಡುವವರ ಲೆಕ್ಕಕ್ಕೆ ಇದು ಸಿಗುವುದೇ ಇಲ್ಲ.

ಜಗತ್ತಿನ ದೊಡ್ಡ ಬ್ಯಾಂಡುಗಳನ್ನು ಸಾಕ್ಷಿಗೆ ಕರೆದರೂ ತೀರ್ಪು ಸಿಗದು. 1973ರಲ್ಲಿ ಸಿಡ್ನಿಯಲ್ಲಿ ಶುರುವಾದ ಎಸಿ/ಡಿಸಿ ಐವತ್ತು ವರ್ಷ ಒಂದೇ ಗತ್ತಿನಲ್ಲಿ ಬಾರಿಸಿಕೊಂಡು ಬಂದಿದೆ. 1980ರ ಫೆಬ್ರುವರಿಯಲ್ಲಿ ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡ. ಅದೇ ಜುಲೈನಲ್ಲಿ ಹೊಸ ಹಾಡುಗಾರನೊಂದಿಗೆ ‘ಬ್ಯಾಕ್ ಇನ್ ಬ್ಲ್ಯಾಕ್’ ಬಂತು, ಸದ್ದು ಮಾತ್ರ ಅದೇ. ಮುಂದೆ ಮ್ಯಾಲ್ಕಮ್ ಯಂಗ್ ಕಾಯಿಲೆ ಬಿದ್ದಾಗ ಅವನ ಗಿಟಾರನ್ನು ಎತ್ತಿಕೊಂಡವನು ಅವನ ಅಣ್ಣನ ಮಗ ಸ್ಟೀವಿ ಯಂಗ್. (ನಮ್ಮ ಹುಡುಗನಿಗೆ ಇದನ್ನು ಹೇಳಿದೆ. “ನಿನ್ನ ಹಾರ್ಮೋನಿಯಂ ನಾ ಮುಟ್ಟಂಗಿಲ್ಲ ಕಾಕಾ” ಅಂದ.) ರೇಡಿಯೊಹೆಡ್ ಇದಕ್ಕೆ ಪೂರಾ ತದ್ವಿರುದ್ಧ. 1997ರ ‘ಓಕೆ ಕಂಪ್ಯೂಟರ್’ ಅವರನ್ನು ಗಿಟಾರ್ ಬ್ಯಾಂಡುಗಳ ದೊರೆಯನ್ನಾಗಿ ಮಾಡಿತ್ತು. 2000ದ ‘ಕಿಡ್ ಎ’ಯಲ್ಲಿ ಗಿಟಾರನ್ನೇ ಬದಿಗೆ ಸರಿಸಿ ಯಂತ್ರದ ನಾದಕ್ಕೆ ಕೈಹಾಕಿದರು. ಎರಡೂ ತಂಡ ಗೆದ್ದವು. ಇಬ್ಬರಂತೆಯೂ ಮಾಡಲು ಹೋಗಿ ಸೋತವರ ಪಟ್ಟಿ ಬೇಕೆಂದರೆ ಈ ಪುಟ ಸಾಲದು.

ಹಾಗಾದರೆ ಹಳೆಯ ತಂಡ ಸದ್ದು ಬದಲಿಸುತ್ತಿರಬೇಕೋ ಬೇಡವೋ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಇದು ಯಾರಿಗೆ ಏಳುತ್ತದೆ, ಯಾರಿಗೆ ಏಳುವುದಿಲ್ಲ ಎಂಬುದನ್ನು ನೋಡಬೇಕು ಅನ್ನಿಸಿತು. ಯಾಕೆಂದರೆ ನಾನು ಬೆಳೆದದ್ದು ರಾಕ್ ಕೇಳಿ ಅಲ್ಲ, ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟ ಕೇಳಿ. ಲೋಕಾಪುರ, ಮುಧೋಳ, ಬೀಳಗಿ ಸೀಮೆಯಲ್ಲಿ ಜಾತ್ರೆ ಎಂದರೆ ರಾತ್ರಿಯಿಡೀ ಪಾರಿಜಾತ. ಯಾವ ರಾಕ್ ಬ್ಯಾಂಡಿನ ವಯಸ್ಸೂ ಇದರ ವಯಸ್ಸಿನ ಹತ್ತಿರ ಬರುವುದಿಲ್ಲ. ಈ ಆಟ ಬದಲಾದಷ್ಟು ಯಾವ ಬ್ಯಾಂಡೂ ಬದಲಾಗಿಲ್ಲ. ಆದರೂ “ಪಾರಿಜಾತ ತನ್ನ ಸೌಂಡ್ ಕೆಡಿಸಿಕೊಂಡಿತು” ಎಂದು ನನ್ನ ಬಾಲ್ಯದಲ್ಲಿ ಯಾರೂ ಗೊಣಗಿದ್ದು ಕೇಳಿಲ್ಲ.

ಬದಲಾವಣೆ ಎಷ್ಟೆಂದು ನೋಡಿ. ಮೂಲದಲ್ಲಿ ಇದು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನ ಕೃತಿ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಸಿಟ್ಟಾದಳು ಎಂಬ ಇಷ್ಟೇ ಕಥೆ. ಅದನ್ನು ಬಯಲಿಗೆ ತಂದು ಆಟವಾಗಿ ಹರಡಿದವನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ. ಇಬ್ಬರು ತಮ್ಮಣ್ಣಂದಿರ ನಡುವೆಯೇ ಓದುವ ಕೃತಿ ಕುಣಿಯುವ ಆಟವಾಯಿತು. ಆಮೇಲೆ ಕೌಜಲಗಿ ನಿಂಗಮ್ಮ ಬಂದಳು. ಅವಳ ಹೆಸರನ್ನು ಹಿರಿಯರು ಈಗಲೂ ದೇವರ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ಗಂಡಸರೇ ಸೀರೆ ಉಟ್ಟು ಹಾಡುತ್ತಿದ್ದ ಪಾತ್ರಗಳಿಗೆ ಹೆಣ್ಣಿನ ಕಂಠ ಬಂದರೆ ಶ್ರುತಿ ಏರುತ್ತದೆ, ಶ್ರುತಿ ಏರಿದರೆ ಜತೆಗೆ ಹಾಡುವ ಕೃಷ್ಣನ ಪಟ್ಟೂ ಬದಲಾಗಬೇಕು, ಹಿಮ್ಮೇಳದವರ ಕೈಯೂ ಹೊಂದಿಕೊಳ್ಳಬೇಕು. ಒಂದು ಬ್ಯಾಂಡಿನಲ್ಲಿ ಹಾಡುಗಾರ ಬದಲಾದಾಗ ನಡೆಯುವ ಎಲ್ಲ ರಿಪೇರಿಯೂ ಇಲ್ಲಿ ನಡೆದಿದೆ.

ಹಾರ್ಮೋನಿಯಂ ಕಥೆ ಇನ್ನೂ ಸ್ವಾರಸ್ಯದ್ದು. ಇವತ್ತು ಹಾರ್ಮೋನಿಯಂ ಇಲ್ಲದ ಪಾರಿಜಾತವನ್ನು ಕಲ್ಪಿಸಿಕೊಳ್ಳಲಾರೆವು. ಆದರೆ ಅದು ಪ್ಯಾರಿಸ್‌ನಲ್ಲಿ 1840ರ ದಶಕದಲ್ಲಿ ಹುಟ್ಟಿದ, ಕಾಲಿನಿಂದ ತುಳಿದು ನುಡಿಸುವ ಪೆಟ್ಟಿಗೆ. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದಕ್ಕೆ ಕೈಯಿಂದ ಒತ್ತುವ ತಿದಿ ಹಚ್ಚಿ, ನೆಲದ ಮೇಲೆ ಕೂತು ನುಡಿಸುವ ಹಾಗೆ ಮಾಡಿದ್ದು 1875ರ ಸುಮಾರಿಗೆ. ಇತ್ತ 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ನಮ್ಮ ಸವದತ್ತಿ ಸೀಮೆಯ ಗುರ್ಲಹೊಸೂರಿನವರು. ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು ಆಳುತ್ತಿದ್ದ ಸಂಸ್ಥಾನಗಳು ಇವು; ನಾಟಕ ಕಂಪನಿ, ಗಾಯಕರು, ವಾದ್ಯ ಮಾಡುವವರು ಎಲ್ಲರ ಓಡಾಟ ಮಿರಜ, ಸಾಂಗಲಿ, ಕೊಲ್ಲಾಪುರದ ಕಡೆಗೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಮಿರಜದಲ್ಲೇ. ಆ ಗಾಳಿ ಪಾರಿಜಾತದ ಮಟ್ಟುಗಳಿಗೆ ತಾಗಿತು. ಭೀಮಪಲಾಸ, ಖಮಾಜ ಎಂದು ಹೆಸರು ಗೊತ್ತಿಲ್ಲದ ಒಕ್ಕಲಿಗನೂ ಅವನ್ನು ತಪ್ಪಿಲ್ಲದೆ ಎತ್ತುತ್ತಿದ್ದ.

ಓದಿದವರು ಈ ಪೆಟ್ಟಿಗೆಯ ವಿಷಯದಲ್ಲಿ ಎಷ್ಟು ಕಿರಿಕಿರಿ ಮಾಡಿಕೊಂಡರು ಎಂದರೆ, 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಸ್ಟುಡಿಯೊದಿಂದಲೇ ಹೊರಹಾಕಿತು. ನಮ್ಮ ರಾಗಗಳ ಸೂಕ್ಷ್ಮ ಶ್ರುತಿಗಳನ್ನು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡನ್ನು ಅದು ಕೊಡಲಾರದು ಎಂಬುದು ಆಕ್ಷೇಪ. ಆಕ್ಷೇಪದಲ್ಲಿ ಹುರುಳಿತ್ತು. ಆದರೂ 1971ರಲ್ಲಿ ನಿಷೇಧ ಸಡಿಲವಾಗುವವರೆಗಿನ ಆ ಮೂರು ದಶಕಗಳಲ್ಲಿ ನಮ್ಮ ಹಳ್ಳಿಗಳ ಭಜನಾ ಮಂಡಳಿಗಳು, ಪಾರಿಜಾತದ ಕಂಪನಿಗಳು ಅದನ್ನು ಒತ್ತುತ್ತಲೇ ಇದ್ದವು. ದಿಲ್ಲಿಯಲ್ಲಿ ಹೀಗೊಂದು ನಿಷೇಧ ಇದೆ ಎಂಬ ಸುದ್ದಿ ಬಹುಪಾಲು ಜನಕ್ಕೆ ಮುಟ್ಟಿರಲಿಕ್ಕಿಲ್ಲ.

ಇಷ್ಟೆಲ್ಲ ಬದಲಾದರೂ ಗೊಣಗಾಟ ಯಾಕೆ ಕೇಳಲಿಲ್ಲ? ನನಗೆ ಹೊಳೆಯುವ ಕಾರಣ ಬಹಳ ಸರಳ. ಹೋಲಿಸಿ ನೋಡಲು ಹಳೆಯದು ಯಾರ ಕೈಯಲ್ಲೂ ಇರಲಿಲ್ಲ. ಹತ್ತು ವರ್ಷದ ಹಿಂದಿನ ಸತ್ಯಭಾಮೆ ಹೇಗೆ ಹಾಡಿದ್ದಳು ಎಂಬುದು ನೆನಪಿನಲ್ಲಿ ಮಾತ್ರ ಇತ್ತು, ಮತ್ತು ನೆನಪು ಹಾಡಿನ ಜತೆಗೇ ಬದಲಾಗುತ್ತಿತ್ತು. 1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ದಿನ ನಮ್ಮ ದೇಶದಲ್ಲಿ ಈ ಸ್ಥಿತಿ ಮುರಿಯಿತು. ಮೂರು ನಿಮಿಷದ ತಟ್ಟೆಯೊಳಗೆ ರಾಗವನ್ನು ತುರುಕಿದ್ದು ಒಂದು ಬದಲಾವಣೆ. ಆ ಮೂರು ನಿಮಿಷ ಮುಂದೆಂದೂ ಕದಲದೆ ಹಾಗೇ ಉಳಿದದ್ದು ಅದಕ್ಕಿಂತ ದೊಡ್ಡದು.

ರೆಕಾರ್ಡು ಒಂದು ಸದ್ದನ್ನು ಹೇಗೆ ಒತ್ತಿಹಾಕಬಲ್ಲುದು ಎನ್ನುವುದಕ್ಕೆ ನಮ್ಮ ಬೀಳಗಿಯದೇ ಒಂದು ಉದಾಹರಣೆ ಇದೆ. ಬೀಳಗಿಯಲ್ಲಿ ಹುಟ್ಟಿದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ‘ಸನಾದಿ ಅಪ್ಪಣ್ಣ’ ಬರೆದರು. 1977ರಲ್ಲಿ ಅದು ರಾಜಕುಮಾರ್ ಚಿತ್ರವಾಯಿತು. ತೆರೆಯ ಮೇಲೆ ಅಪ್ಪಣ್ಣ ಊದಿದಾಗ ಕೇಳುವ ಉಸಿರು ಉಸ್ತಾದ್ ಬಿಸ್ಮಿಲ್ಲಾ ಖಾನರದು. ಅದ್ಭುತವಾದ ನಾದ, ಎರಡು ಮಾತಿಲ್ಲ. ಆದರೆ ನಮ್ಮ ಜಾತ್ರೆಗಳಲ್ಲಿ ಕರಡಿ ಮಜಲಿನ ಮುಂದೆ, ಚರ್ಮದ ವಾದ್ಯಗಳ ಗುಡುಗನ್ನು ಸೀಳಿಕೊಂಡು ಬಯಲಲ್ಲಿ ಮೊಳಗುವ ಸನಾದಿಗೂ ಬನಾರಸದ ಶಹನಾಯಿಗೂ ಅಂತರ ಇದೆ. ಚಿತ್ರ ನೋಡಿದವರಿಗೆ ಸನಾದಿ ಎಂದರೆ ಖಾನ್ ಸಾಹೇಬರ ಮಿದುವಾದ ಉಸಿರೇ ಆಯಿತು. ಮದುವೆಗೆ ಬಂದ ನಮ್ಮೂರ ಸನಾದಿಯವನಿಗೆ “ಪಿಚ್ಚರ್‌ನ್ಯಾಗ ಊದಿದಂಗ ಊದಪಾ” ಎಂದು ಹೇಳುವ ಕಾಲವೂ ಬಂತು.

ರಾಕ್ ಬ್ಯಾಂಡು ಹುಟ್ಟಿದ್ದೇ ಈ ರೆಕಾರ್ಡಿನ ಮಡಿಲಲ್ಲಿ. ಬೀಟಲ್ಸ್ 1966ರಲ್ಲಿ ಊರೂರು ತಿರುಗಿ ಹಾಡುವುದನ್ನೇ ಬಿಟ್ಟು ಸ್ಟುಡಿಯೊ ಸೇರಿಕೊಂಡರು. ವೇದಿಕೆಯ ಮೇಲೆ ನುಡಿಸಲಾಗದ ಸದ್ದುಗಳನ್ನು ಆಲ್ಬಮ್ಮಿನಲ್ಲಿ ಕಟ್ಟಿದರು. 1970ಕ್ಕೆ ತಂಡವೇ ಚದುರಿದ್ದರಿಂದ ಮುಪ್ಪಿನಲ್ಲಿ ಏನು ಮಾಡಬೇಕು ಎಂಬ ಕಷ್ಟ ಅವರಿಗೆ ಬರಲಿಲ್ಲ. ಬಾಬ್ ಡಿಲನ್‌ಗೆ ಅಷ್ಟು ಸುಲಭವಿರಲಿಲ್ಲ. 1965ರ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತಾಗ ಸಭಿಕರಲ್ಲಿ ಹಲವರು ಕೂಗಿ ಹೀಯಾಳಿಸಿದರು. ಮನೆಯಲ್ಲಿ ತಟ್ಟೆ ತಿರುಗಿಸಿ ತಿರುಗಿಸಿ ಕೇಳಿದ ಡಿಲನ್ ಒಬ್ಬನಿದ್ದ. ಎದುರಿಗೆ ನಿಂತ ಡಿಲನ್ ಅವನಿಗೆ ಹೊಂದಲಿಲ್ಲ. ನಮ್ಮ ಹುಡುಗ ಕ್ರಿಪ್ಟೋಸ್ ಬಗ್ಗೆ ಮಾಡುವುದೂ ಇದೇ. 2004ರ ಆಲ್ಬಮ್ ಅವನ ಫೋನಿನಲ್ಲಿ ಇರುವವರೆಗೂ 2024ರವರು ಅದಕ್ಕೆ ಲೆಕ್ಕ ಕೊಡಬೇಕು.

ಇದನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ ಶಿಶುನಾಳ ಷರೀಫರ ಪದಗಳಿಗಿಂತ ಒಳ್ಳೆಯ ಜಾಗ ಇಲ್ಲ. ಷರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ತತ್ತ್ವಪದಗಳು ನೂರು ವರ್ಷ ಏಕತಾರಿ, ದಮ್ಮಡಿ, ತಾಳದ ಮೇಲೆ ಬಾಯಿಂದ ಬಾಯಿಗೆ ನಡೆದವು. ಅಮಾವಾಸ್ಯೆಯ ಭಜನೆಗೆ ಕೂತರೆ ಒಂದೇ ಪದಕ್ಕೆ ನಮ್ಮೂರಲ್ಲಿ ಒಂದು ಮಟ್ಟು, ಪಕ್ಕದ ಹಳ್ಳಿಯಲ್ಲಿ ಇನ್ನೊಂದು. ಯಾರದು ಅಸಲಿ ಎಂಬ ಜಗಳ ಇರಲಿಲ್ಲ. ಯಾರು ರಾತ್ರಿ ಎರಡಕ್ಕೂ ದಣಿಯದೆ ಹಾಡುತ್ತಾರೆ ಎಂಬ ಪೈಪೋಟಿ ಇತ್ತು.

ಆಮೇಲೆ ಸಿ. ಅಶ್ವತ್ಥ್ ಬಂದರು. ಅವರ ಕಂಚಿನ ಕಂಠ, ವಾದ್ಯವೃಂದ, ಕ್ಯಾಸೆಟ್ಟು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ. ಉತ್ತರ ಕರ್ನಾಟಕದ ಭಜನೆಯ ಮನೆಯೊಳಗಿದ್ದ ಪದ ಇಡೀ ಕನ್ನಡ ನಾಡಿನದಾಯಿತು. ಈ ಉಪಕಾರವನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಆದರೆ ಇನ್ನೊಂದು ನಡೆಯಿತು, ಅದನ್ನು ಹೇಳುವವರು ಕಡಿಮೆ. ಈಗ ನಮ್ಮ ಭಜನಾ ಮಂಡಳಿಗಳೇ ಆ ಪದಗಳನ್ನು ಅಶ್ವತ್ಥರ ಮಟ್ಟಿನಲ್ಲಿ ಹಾಡುತ್ತವೆ. ಊರಿಗೊಂದು ಇದ್ದ ಮಟ್ಟುಗಳು ಹಿರಿಯರ ಜತೆ ಹೋದವು. ಅಶ್ವತ್ಥರು ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ. ಕ್ಯಾಸೆಟ್ಟು ಆ ಕೆಲಸ ಮಾಡಿತು. ಒಬ್ಬರ ಹೊಸತನ ಎಲ್ಲರ ಸಂಪ್ರದಾಯವಾಗಿ ಗಟ್ಟಿಯಾಯಿತು.

2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್ ಬಂತು. ಅದರಲ್ಲಿ ಷರೀಫರ ಪದಗಳಿದ್ದವು, ಗಿಟಾರು, ಡ್ರಮ್ಮು, ಕುಣಿತ ಎಲ್ಲದರ ಜತೆ. ಮೈಸೂರಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ಬ್ಯಾಂಡ್ ಕಟ್ಟಿದವರ ಬಾಯಲ್ಲಿ ಧಾರವಾಡದ ಕಡೆಯ ಉಚ್ಚಾರ ಸ್ವಲ್ಪ ಎಡವುತ್ತದೆ ಎಂದು ನಾವು ನಮ್ಮಲ್ಲೇ ಆಡಿಕೊಂಡೆವು. “ಷರೀಫಜ್ಜನ ಪದಕ್ಕ ಲಂಗು ಲಗಾಮ ಇಲ್ದಂಗ ಮಾಡ್ಯಾರ” ಎಂದವರೂ ಇದ್ದರು. ಹಾಗೆ ಎಂದವರ ಮನಸ್ಸಿನಲ್ಲಿದ್ದ ಲಗಾಮು ಯಾವುದು? ಅಶ್ವತ್ಥರ ಕ್ಯಾಸೆಟ್ಟಿನದು. ನನಗಂತೂ ಆ ಬ್ಯಾಂಡು ಮಾಡಿದ್ದು ಹಳೆಯ ಭಜನೆಯವರ ಕೆಲಸವೇ ಅನ್ನಿಸಿತು. ಪದ ಸಿಕ್ಕಿತು, ಕೈಯಲ್ಲಿದ್ದ ವಾದ್ಯ ಹಿಡಿದರು, ತಮ್ಮ ಗಂಟಲಿಗೆ ಒಗ್ಗುವ ಹಾಗೆ ಹಾಡಿದರು. ರಘು ಅವರ ತಮ್ಮ ವಾಸು ದೀಕ್ಷಿತ್ 2002ರಲ್ಲಿ ಗೆಳೆಯರೊಂದಿಗೆ ಕಟ್ಟಿದ ಸ್ವರಾತ್ಮ ತಂಡವೂ ಇದೇ ದಾರಿಯಲ್ಲಿ ತನ್ನದೊಂದು ಜಾಡು ಮಾಡಿಕೊಂಡಿತು.

ಅಲ್ಲಿಗೆ ತಪ್ಪೆಲ್ಲ ರೆಕಾರ್ಡಿನದು ಎಂದು ಕೈತೊಳೆದುಕೊಳ್ಳಬಹುದಿತ್ತು, ಆದರೆ ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ತಂಡ ಅಡ್ಡ ಬರುತ್ತದೆ. 1965ರಿಂದ 1995ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಛೇರಿ ಮಾಡಿದವರು. ಒಂದು ರಾತ್ರಿಯ ಹಾಡುಗಳ ಪಟ್ಟಿ ಮರುರಾತ್ರಿ ಇರುತ್ತಿರಲಿಲ್ಲ. ಒಂದೇ ಹಾಡು ಒಂದು ಊರಲ್ಲಿ ಆರು ನಿಮಿಷ, ಇನ್ನೊಂದು ಊರಲ್ಲಿ ಇಪ್ಪತ್ತು ನಿಮಿಷ. ಕೇಳಲು ಬಂದವರು ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ಅವರು ಬಿಡುತ್ತಿದ್ದರು. 1984ರಲ್ಲಿ ಅಂಥವರಿಗೆಂದೇ ಪ್ರತ್ಯೇಕ ಜಾಗ ಕಾದಿರಿಸಿದರು. ಅಭಿಮಾನಿಗಳ ಮನೆಗಳಲ್ಲಿ ಒಂದೇ ಹಾಡಿನ ನೂರು ಟೇಪು. ಹೋಲಿಸಿ ನೋಡಲು ಬೇಕಾದಷ್ಟು ಇತ್ತು, ಆದರೂ ಯಾವುದನ್ನು ಮೂಲ ಎನ್ನುವುದು? ಅವರ ಕೇಳುಗರು ಬದಲಾವಣೆಯನ್ನೇ ಕೇಳಲು ಬರುತ್ತಿದ್ದರು. ರೆಕಾರ್ಡು ಇದ್ದರೂ ತೊಂದರೆಯಿಲ್ಲ, ಒಂದೇ ಇದ್ದರೆ ತೊಂದರೆ ಎಂದಾಯಿತು.

ಇಲ್ಲಿಂದ ಪಾರಿಜಾತಕ್ಕೆ ಮರಳಿದರೆ ನಮ್ಮ ಆಟಗಾರರು ಎಷ್ಟು ಜಾಣರು ಎಂಬುದು ಕಾಣುತ್ತದೆ. ಪಾರಿಜಾತದಲ್ಲಿ ಎಲ್ಲವೂ ಬದಲಾಗುವುದಿಲ್ಲ, ಎಲ್ಲವೂ ನಿಂತೂ ಇರುವುದಿಲ್ಲ. ಸತ್ಯಭಾಮೆಯ ಸಂಕಟದ ಹಾಡು ಬಿಗಿ. ಅದರ ಮಟ್ಟನ್ನು ಮುಟ್ಟಬೇಕಾದರೆ ದೊಡ್ಡ ಕಲಾವಿದರೂ ಹಿಂಜರಿಯುತ್ತಾರೆ, ಮುಟ್ಟಿದರೂ ಕೂದಲೆಳೆಯಷ್ಟು. ಆದರೆ ದೂತಿ ಬಾಯಿ ತೆರೆದಳೆಂದರೆ, ಭಾಗವತ ಅವಳಿಗೆ ಎದುರು ಮಾತು ಹಾಕಿದನೆಂದರೆ, ಅಲ್ಲಿ ಹೊಸೆದದ್ದೆಲ್ಲ ಅವತ್ತಿನದು. ದ್ವಾರಕೆಯ ಕೃಷ್ಣನ ಸುದ್ದಿ ಮಾತಾಡುತ್ತಲೇ ಊರ ಗೌಡರ ಹೊಸ ಮನೆ, ಪಂಚಾಯಿತಿ ಚುನಾವಣೆ, ಮೊಬೈಲು, ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಿಲ್ಲು ಎಲ್ಲ ನುಸುಳುತ್ತವೆ. ಗೊಲ್ಲತಿ ಕೃಷ್ಣನ ಜತೆ ಹಾಲು-ಮೊಸರಿನ ಸುಂಕದ ಬಗ್ಗೆ ಜಗಳ ಆಡುವಾಗ ಇವತ್ತಿನ ಡೇರಿಯ ರೇಟು ಬಂದೇ ಬರುತ್ತದೆ. ಸಭೆ ನಕ್ಕು ಹಗುರಾಗುತ್ತದೆ, ಆ ಹಗುರಾದ ಹೊತ್ತಿನಲ್ಲಿ ಸತ್ಯಭಾಮೆ ಹಳೆಯ ಮಟ್ಟನ್ನು ಎತ್ತುತ್ತಾಳೆ. ಆಟಕ್ಕೆ ಮುಪ್ಪು ಬರದಿರಲು ದೂತಿ, ಆಟ ಆಟವಾಗಿ ಉಳಿಯಲು ಸತ್ಯಭಾಮೆ.

ಹೀಗೆ ದಿನಾ ಚೂರುಚೂರು ಬದಲಾಗುವ ಸಡಿಲ ಜಾಗ ತನ್ನೊಳಗೇ ಇಟ್ಟುಕೊಂಡ ತಂಡಕ್ಕೆ ಹತ್ತು ವರ್ಷಕ್ಕೊಮ್ಮೆ ಹೊಸ ಅವತಾರ ಎತ್ತುವ ದರ್ದು ಇರುವುದಿಲ್ಲ ಎಂಬುದು ನನ್ನ ಎಣಿಕೆ. ಆಲ್ಬಮ್ಮಿನಲ್ಲಿದ್ದುದನ್ನೇ ಎಳೆಯೂ ತಪ್ಪದಂತೆ ವೇದಿಕೆಯ ಮೇಲೆ ಒಪ್ಪಿಸುವ ಬ್ಯಾಂಡಿಗೆ ಆ ಜಾಗ ಇಲ್ಲ. ಬೇಸರ ಒಳಗೊಳಗೇ ಜಮಾ ಆಗಿ, ಒಂದು ದಿನ ಎಲ್ಲ ಕಿತ್ತುಹಾಕಿ ಮೊದಲಿಂದ ಕಟ್ಟಬೇಕು ಅನ್ನಿಸುತ್ತದೆ. ಕೇಳುಗರಿಗೆ ಅದು ದ್ರೋಹದ ಹಾಗೆ ಕಾಣುತ್ತದೆ.

ಅಣ್ಣನ ಮಗ ಇದಕ್ಕೆ ಒಪ್ಪಲಿಲ್ಲ. ಅವನ ವಾದ ಹೀಗಿತ್ತು: ಸಮೀರವಾಡಿಯ ಗೋದಾವರಿ ಕಾರ್ಖಾನೆ ಮೊದಲು ಬರೀ ಸಕ್ಕರೆ ಮಾಡುತ್ತಿತ್ತು, ಈಗ ಎಥೆನಾಲ್ ಮಾಡುತ್ತದೆ, ಕರೆಂಟು ಮಾಡುತ್ತದೆ, ಹೆಸರನ್ನೂ ಶುಗರ್ ಮಿಲ್ಸ್‌ನಿಂದ ಬಯೋರಿಫೈನರೀಸ್ ಎಂದು ಬದಲಿಸಿಕೊಂಡಿತು. ಹಾಗೆ ಮಾಡದಿದ್ದರೆ ಸಕ್ಕರೆಯ ರೇಟು ಬಿದ್ದಾಗ ಬೀಗ ಬೀಳುತ್ತಿತ್ತು. ಬ್ಯಾಂಡೂ ಅಷ್ಟೇ. ವಾದ ಚೆನ್ನಾಗಿದೆ, ಆದರೆ ಕಾರ್ಖಾನೆಯ ಲೆಕ್ಕ ಬ್ಯಾಂಡಿಗೆ ಹತ್ತುವುದಿಲ್ಲ. ಎಥೆನಾಲ್ ಕೊಳ್ಳುವವನಿಗೆ ಹಳೆಯ ಸಕ್ಕರೆಯ ಮೇಲೆ ಪ್ರೀತಿ ಇರಬೇಕಿಲ್ಲ. ಬ್ಯಾಂಡಿನ ಹೊಸ ಹಾಡಿಗೆ ಬರುವ ಜನ ಮಾತ್ರ ಹಳೆಯ ಹಾಡಿನಿಂದ ಬಂದವರು.

ಅದಲ್ಲದೆ ಕಾರ್ಖಾನೆಗೆ ಹೊಸ ಘಟಕ ಹಾಕಲು ಸಾಲ ಸಿಗುತ್ತದೆ. ನಮ್ಮ ದೇಶದಲ್ಲಿ ರಾಕ್ ಬ್ಯಾಂಡಿಗೆ ಯಾರು ಕೊಡುತ್ತಾರೆ? 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ತಂಡವನ್ನು ನೋಡಿ. ಗಿಟಾರ್ ಹಿಡಿದು ಹಾಡುವ ಬ್ರೂಸ್ ಲೀ ಮಣಿ, ಡ್ರಮ್ಮಿನ ರಾಜೀವ್ ರಾಜಗೋಪಾಲ್ ಆಗಿನಿಂದಲೂ ಇದ್ದಾರೆ. 2008ರ ಆಲ್ಬಮ್ಮನ್ನು ಅವರು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟರು. ಅದಕ್ಕೆ ಒಂದು ವರ್ಷ ಮೊದಲು ರೇಡಿಯೊಹೆಡ್ ತನ್ನ ಆಲ್ಬಮ್ಮಿಗೆ ನಿಮಗೆ ತಿಳಿದಷ್ಟು ಕೊಡಿ ಎಂದಿತ್ತು. ಆದರೆ ಅವರ ಗಂಟು ದೊಡ್ಡದು. 2012ರಲ್ಲಿ ಥರ್ಮಲ್‌ನವರು ಬೆಂಗಳೂರಿನ ಆಟೊ ರಿಕ್ಷಾವನ್ನೇ ಎಳೆಯಾಗಿ ಹಿಡಿದು ‘3 ವೀಲ್ಸ್ 9 ಲೈವ್ಸ್’ ಎಂಬ ಮೂರು ತಟ್ಟೆಯ ಆಲ್ಬಮ್ ತಂದರು. ಇಂಗ್ಲಿಷ್ ಸಾಹಿತ್ಯ, ಜಾಝ್ ಬೆರೆತ ರಾಕ್, ಊರು ಮಾತ್ರ ಅಪ್ಪಟ ಬೆಂಗಳೂರು. ಇವರದು ಆಗಿನಿಂದ ಈಗಿನವರೆಗೆ ಒಂದೇ ಜಾಡು, ಆದರೆ ಒಮ್ಮೆ ಕೇಳಿದ ಹಾಡನ್ನು ವೇದಿಕೆಯ ಮೇಲೆ ಅವರು ಎಲ್ಲೆಲ್ಲಿಗೋ ಒಯ್ದು ತರುತ್ತಾರೆ. ನನ್ನ ಕಣ್ಣಿಗೆ ಇವರಲ್ಲಿ ಒಬ್ಬ ದೂತಿ ಇದ್ದಾಳೆ. ಫೋನಿನಲ್ಲಿ ಪುಕ್ಕಟೆ ಕೇಳುವ ನಾವು ಬದಲಾಗಿ ಎಂದೋ, ಬದಲಾಗಬೇಡಿ ಎಂದೋ ಅಪ್ಪಣೆ ಕೊಡುವಾಗ ಆ ಬದಲಾವಣೆಯ ಖರ್ಚು ಯಾರ ಜೇಬಿನದು ಎಂಬುದನ್ನೂ ನೋಡುವುದು ಒಳ್ಳೆಯದು.

ಕ್ರಿಪ್ಟೋಸ್ ವಿಷಯದಲ್ಲಿ ನನ್ನ ತೀರ್ಪು ಹುಡುಗನಿಗೆ ರುಚಿಸಲಿಲ್ಲ, ಆದರೂ ಹೇಳಿಬಿಟ್ಟೆ. ಹಾಡುವ ಕಂಠ ಬದಲಾಯಿತು, ಇಪ್ಪತ್ತೆರಡರ ಹುಡುಗರು ನಲವತ್ತು ದಾಟಿದರು. ಆ ಕೈಗೆ, ಆ ಗಂಟಲಿಗೆ ಒಗ್ಗುವ ಸದ್ದನ್ನು ಹುಡುಕಿಕೊಂಡರು. ನಿಂಗಮ್ಮ ಬಂದಾಗ ಶ್ರುತಿ ಏರಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಯಾರೋ ಮ್ಯಾನೇಜರು ಬಂದು ಈಗ ಎಲ್ಲರೂ ಈ ತರಹ ಬಾರಿಸುತ್ತಿದ್ದಾರೆ, ನೀವೂ ಬಾರಿಸಿ ಎಂದು ಹೇಳಿ ಬದಲಾಗಿದ್ದರೆ ನಾನೂ ಹುಡುಗನ ಜತೆ ಸೇರಿ ಬಯ್ಯುತ್ತಿದ್ದೆ. 2016ರಲ್ಲಿ ಎಂಬತ್ತರ ದಶಕದ ಮೆಟಲ್ ನುಡಿಸು ಎಂದು ಯಾವ ಮಾರುಕಟ್ಟೆಯೂ ಕೇಳಿರಲಿಕ್ಕಿಲ್ಲ.

“ಹಂಗಾದ್ರ ಪಾರಿಜಾತದಾಗ ಕೀಬೋರ್ಡ್ ಬಂದದ, ಪ್ಯಾಡ್ ಬಂದದ. ಅದೂ ಸರೀನಾ ಕಾಕಾ?” ಎಂದ.

ಒಳ್ಳೆಯ ಪೆಟ್ಟು. ರಿದಂ ಪ್ಯಾಡಿನ ಮೇಲೆ ಬರುವ ತಬಲಾದ ಸದ್ದು ನನಗೆ ಹಿಡಿಸುವುದಿಲ್ಲ. ಸಿನಿಮಾ ಮಟ್ಟಿನಲ್ಲಿ ರುಕ್ಮಿಣಿ ಹಾಡಿದರೆ ಎದ್ದು ಹೋಗುವ ಮನಸ್ಸಾಗುತ್ತದೆ. ಆದರೆ ಹಾರ್ಮೋನಿಯಂ ಬಂದ ಹೊಸದರಲ್ಲಿ ನನ್ನಂಥ ಒಬ್ಬ ಮುದುಕ ಹಿಂದಿನ ಸಾಲಿನಲ್ಲಿ ಕೂತು ಹೀಗೇ ಮುಖ ಸಿಂಡರಿಸಿರಬೇಕು ಎಂಬ ಅನುಮಾನ ಇರುವುದರಿಂದ ಈ ವಿಷಯದಲ್ಲಿ ಬಾಯಿ ಬಿಗಿ ಹಿಡಿಯುತ್ತೇನೆ. ಕೀಬೋರ್ಡು ನಿಲ್ಲುವ ಹಾಗಿದ್ದರೆ ನಿಲ್ಲುತ್ತದೆ.

ಪಾರಿಜಾತದ ಮಂದಿಗೆ ಈಗ ಕೀಬೋರ್ಡಿಗಿಂತ ಗಡಿಯಾರದ ಕಾಟ ಹೆಚ್ಚು. ರಾತ್ರಿಯಿಡೀ ನಡೆಯುತ್ತಿದ್ದ ಆಟಕ್ಕೆ ಉತ್ಸವಗಳ ವೇದಿಕೆಯಲ್ಲಿ ಸಿಗುವುದು ಮುಕ್ಕಾಲು ತಾಸು, ಅದೂ ಭಾಷಣ ಮುಗಿದ ಮೇಲೆ. ಇಷ್ಟರಲ್ಲಿ ಏನನ್ನು ಉಳಿಸುವುದು? ಸಂಘಟಕರು ಹಾಡು ಉಳಿಸಿ ಎನ್ನುತ್ತಾರೆ, ಕಲೆ ಎಂದರೆ ಹಾಡು ಎಂಬುದು ಅವರ ತಿಳಿವಳಿಕೆ. ಮೊದಲು ಕತ್ತರಿ ಬೀಳುವುದು ದೂತಿಯ ಮಾತಿಗೆ, ಭಾಗವತನ ಕೊಕ್ಕೆ ಪ್ರಶ್ನೆಗೆ, ಗೊಲ್ಲತಿಯ ಜಗಳಕ್ಕೆ. ಸತ್ಯಭಾಮೆ ಬರುತ್ತಾಳೆ, ಹಾಡುತ್ತಾಳೆ, ಶಾಲು ಹೊದಿಸಿಕೊಂಡು ಇಳಿಯುತ್ತಾಳೆ. ಬಂದವರೆಲ್ಲ ಸಂಪ್ರದಾಯ ಉಳಿಯಿತು ಎಂದು ಚಪ್ಪಾಳೆ ತಟ್ಟುತ್ತಾರೆ. ಅದೇ ಮುಕ್ಕಾಲು ತಾಸಿನ ವಿಡಿಯೊ ಯೂಟ್ಯೂಬಿಗೆ ಹೋಗುತ್ತದೆ, ನಾಳೆ ಕಲಿಯುವ ಹುಡುಗಿ ಅದನ್ನೇ ನೋಡಿ ಕಲಿಯುತ್ತಾಳೆ, ಪಾರಿಜಾತ ಅಂದರೆ ಇಷ್ಟೇ ಎಂದುಕೊಳ್ಳುತ್ತಾಳೆ. ಕ್ಯಾಸೆಟ್ಟು ಭಜನೆಗೆ ಮಾಡಿದ್ದನ್ನು ಈ ವಿಡಿಯೊ ಪಾರಿಜಾತಕ್ಕೆ ಮಾಡುತ್ತಿದೆ. ಇನ್ನೊಂದು ಹತ್ತು ವರ್ಷದಲ್ಲಿ ಯಾರೋ ಎದ್ದು ನಿಂತು ಪಾರಿಜಾತಕ್ಕೆ ಹೊಸ ರೂಪ ಕೊಡಬೇಕು ಎಂದು ವಿಚಾರ ಸಂಕಿರಣ ಮಾಡುತ್ತಾರೆ.

ಆದ್ದರಿಂದ ಉತ್ಸವದ ಕಾರ್ಯಕ್ರಮ ಪಟ್ಟಿ ಬರೆಯುವವರಲ್ಲಿ ಒಂದು ಮನವಿ. ಪಾರಿಜಾತಕ್ಕೆ ಎರಡು ತಾಸು ಬರೆಯಿರಿ. ಅಷ್ಟು ಸಾಧ್ಯವಿಲ್ಲದಿದ್ದರೆ ಎರಡು ಹಾಡು ಕಡಿಮೆ ಮಾಡಿಸಿ ದೂತಿಗೆ ಹದಿನೈದು ನಿಮಿಷ ಬಿಡಿ. ಈ ಹಂಗಾಮಿನ ಕಬ್ಬಿನ ಬಿಲ್ಲಿನ ಬಗ್ಗೆಯೇ ಅವಳಿಗೆ ಹೇಳುವುದು ಬೇಕಾದಷ್ಟಿದೆ.